ಮುಂಡಾಸು ಕಟ್ಟಿ ಗುಂಡಿ ಒತ್ತಿದವರು

ಅವರ ಎಡಗೈಯ ತೋರುಬೆರಳಿನ ಸುತ್ತ ಒಂದು ಕಪ್ಪು ಗೆರೆಯಿತ್ತು. ಹೊಸಬರು ಕಂಡರೆ ಉಂಗುರ ಎಂದುಕೊಳ್ಳಬೇಕು. ಅದು ವರ್ಷಗಟ್ಟಲೆ ತಾಳದ ದಾರ ಸುತ್ತಿ ಬಿದ್ದ ಗುರುತು. ಬಲಗೈಯ ಹೆಬ್ಬೆರಳಂತೂ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಚಾ ಗ್ಲಾಸಿನ ಅಂಚು, ಬಸ್ಸಿನ ಸೀಟಿನ ಸರಳು, ಬ್ಯಾಂಕಿನ ಮೇಜು, ಸಿಕ್ಕಿದ್ದರ ಮೇಲೆಲ್ಲ ಟಕಟಕ ಎಂದು ಬಡಿಯುತ್ತಲೇ ಇರುವುದು. ಆ ಹೆಬ್ಬೆರಳು ಒಂದು ಮಧ್ಯಾಹ್ನ ನಮ್ಮೆಲ್ಲರ ಮಾನ ಉಳಿಸಿತು.

ಅವರು ಯಕ್ಷಗಾನದ ಭಾಗವತರು. ನಮಗೆ ಬರೀ ‘ಭಾಗವತ್ರು’. ಮೇಳದ ತಿರುಗಾಟ ಬಿಟ್ಟ ಮೇಲೆ ಕೋಟೇಶ್ವರದ ನಮ್ಮ ಕೇರಿಯ ಭಜನಾಮಂದಿರದ ಜಗಲಿಯಲ್ಲಿ ಪ್ರತಿ ಭಾನುವಾರ ಹೆಂಗಸರಿಗೆ ಕುಣಿತ ಕಲಿಸುತ್ತಿದ್ದರು. ನಾವೆಲ್ಲ ಬೋಟಿಗೆ ಹೋಗುವವರ ಮನೆಯ ಸೊಸೆಯಂದಿರು, ಮೀನು ಮಾರುವ ಅತ್ತೆಯಂದಿರ ಕೈಕೆಳಗೆ ಇದ್ದವರು. ನಾನು ಟೈಲರಿಂಗ್ ಕೂಡ ಮಾಡುತ್ತಿದ್ದೆ. ಹೆಂಗಸರು ಗೆಜ್ಜೆ ಕಟ್ಟಿದರೆ ಕೇರಿಯ ಗಂಡಸರಿಗೆ ನಗು. ಭಾಗವತ್ರಿಗೆ ಮಾತ್ರ ಹೆಂಗಸು ಗಂಡಸು ಎಂಬುದೆಲ್ಲ ಲೆಕ್ಕಕ್ಕೇ ಇರಲಿಲ್ಲ, ಎಲ್ಲರಿಗೂ ಒಂದೇ ಬೈಗುಳ. “ಕಾಲ್ ನೆಲಕ್ಕೆ ಬಿದ್ರೆ ಸಾಲ್ದ್, ತಾಳಕ್ಕೆ ಬೀಳ್ಕ್!” ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೆ ಪದ್ಯ ಹಿಡಿದರೆಂದರೆ ಅವರ ಕಣ್ಣು ಕುಣಿಯುವವಳ ಕಾಲು ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ. ಹೆಜ್ಜೆ ತಡವಾದರೆ ಸಾಲನ್ನು ಎಳೆಯುವರು, ಬೇಗ ಬಂದರೆ ಬೇಗ ಬಿಡುವರು. ಪದ್ಯ ಏರಿದ ಹಾಗೆ ಕೂತಲ್ಲಿಂದ ಅರ್ಧ ಏಳುವರು, ತಾವೇ ರಂಗಕ್ಕೆ ಹಾರುವವರ ಹಾಗೆ. ಆ ಅರ್ಧ ಏಳುವ ಚಾಳಿ ನೆನಪಿಟ್ಟುಕೊಳ್ಳಿ.

ಒಂದು ಮಳೆಗಾಲ ಅವರ ದನಿ ಒಡೆಯತೊಡಗಿತು. ಶೀತ ಎಂದರು, ಕಷಾಯ ಕುಡಿದರು. ಕಡೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ಗಡ್ಡೆ ಎಂದು ಗೊತ್ತಾಯಿತು. ಮುಂದಿನ ಭಾನುವಾರ ಜಗಲಿಯಲ್ಲಿ ಕೂತು, ಬಸ್ಸು ತಪ್ಪಿದ ಸುದ್ದಿ ಹೇಳುವವರಂತೆ ಹೇಳಿದರು.

“ಕೊಯ್ತ್ರಂಬ್ರ್. ಕೊಯ್ದ್ ಮೇಲೆ ದನಿ ಇಲ್ಲೆ ಅಂಬ್ರ್. ಅಷ್ಟ್ರೊಳಗೆ ನಮ್ಮ ಪ್ರಸಂಗದ ಪದ್ಯ ಎಲ್ಲ ಒಂದ್ ಬದಿ ರೆಕಾರ್ಡ್ ಮಾಡಿ ಇಡ್ಕ್.”

ಬೈಂದೂರಿನ ಒಂದು ಮಹಿಳಾ ಮಂಡಳಿಯ ವಾರ್ಷಿಕೋತ್ಸವಕ್ಕೆ ನಮ್ಮ ಯಕ್ಷಗಾನದ ಆಟ ಒಪ್ಪಿಯಾಗಿತ್ತು, ನಮ್ಮ ಮೊದಲನೆಯ ಆಟ. ದನಿ ಹೋದ ಭಾಗವತನನ್ನು ಯಾರು ಕೂರಿಸುತ್ತಾರೆ? ಆ ಜಾಗ ಹೋದರೆ ಈ ಮನುಷ್ಯ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಕುಂದಾಪುರದ ಒಂದು ಮಾಳಿಗೆಯ ಮೇಲಿನ ಸ್ಟುಡಿಯೋಕ್ಕೆ ಮದ್ದಲೆಯವರೂ ನಾನೂ ಅವರೊಟ್ಟಿಗೆ ಹೋದೆವು. ಮದ್ದಲೆ ಬಾರಿಸುವುದು ಬೇಡ, ಬರೀ ಶ್ರುತಿ, ತಾಳ ಮತ್ತು ಪದ್ಯ ಸಾಕು, ಮದ್ದಲೆ ಚಂಡೆ ಆಟದ ದಿನ ಎದುರಿಗೇ ಇರುತ್ತದೆ ಎಂದು ಅವರ ಲೆಕ್ಕ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯೊಳಗೆ ಕೂತರು, ಒಂದು ಸಾಲು ಹೇಳಿದರು, ನಿಲ್ಲಿಸಿದರು. ಮತ್ತೆ ಹೇಳಿದರು, ಮತ್ತೆ ನಿಲ್ಲಿಸಿದರು. ಆಮೇಲೆ ಬಾಗಿಲು ದೂಡಿಕೊಂಡು ಹೊರಗೇ ಬಂದುಬಿಟ್ಟರು.

“ಗೋಡೆ ಕಂಡ್ಕಂಡ್ ಪದ್ಯ ಹೇಳುಕೆ ನಾ ಎಂತ ಹಲ್ಲಿಯಾ? ಹೆಣ್ಣೇ, ಗೆಜ್ಜೆ ಕಟ್. ವೇಷ ಕಾಣ್ದೆ ನಂಗೆ ಪದ್ಯ ಬತ್ತಿಲ್ಲೆ.”

ವೇಷ ಎಂದರೆ ಅವರ ಮಾತಿನಲ್ಲಿ ರಂಗದಲ್ಲಿ ಕುಣಿಯುವವರು. ಗೆಜ್ಜೆ ನನ್ನ ಚೀಲದಲ್ಲೇ ಇತ್ತು. ಸ್ಟುಡಿಯೋದವರು ತಲೆ ಚಚ್ಚಿಕೊಂಡರು. “ಹ್ವಾಯ್ ಭಾಗವತ್ರೆ, ಗೆಜ್ಜೆ ಶಬ್ದ ಪೂರಾ ರೆಕಾರ್ಡ್ ಆತ್ತ್!”

“ಆಯ್ಲಿ” ಎಂದರು ಇವರು.

ಆ ಇಕ್ಕಟ್ಟು ಕೋಣೆಯಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನು ಕುಣಿದೆ, ಅವರು ಹೇಳಿದರು. ಒಡೆಯುತ್ತಿದ್ದ ದನಿ ಅವತ್ತು ಎಲ್ಲಿಂದಲೋ ಒಟ್ಟಾಗಿ ಬಂದಿತ್ತು. ಯುದ್ಧಕ್ಕೆ ಹೊರಡುವ ಪದ್ಯದಲ್ಲಿ ನನ್ನ ಕಾಲು ಮೈಕಿನ ವೈರಿನಲ್ಲಿ ತೊಡರಿ ಹೆಜ್ಜೆ ತಪ್ಪಿತು. ಅವರು ಕೊನೆಯ ಅಕ್ಷರವನ್ನು ಬಿಡದೆ ಎಳೆದರು, ಎಳೆದರು, ನಾನು ಸರಿಯಾಗಿ ಕಾಲು ಹಾಕಿದ ಮೇಲೆಯೇ ಬಿಟ್ಟರು. ಮುಗಿದ ಮೇಲೆ, ಅದೊಂದು ಇನ್ನೊಮ್ಮೆ ಹಿಡಿಯುವ ಎಂದು ಸ್ಟುಡಿಯೋದವರೂ ಹೇಳಿದರು, ನಾನೂ ಬೇಡಿಕೊಂಡೆ.

“ಬ್ಯಾಡ, ಹಾಂಗೇ ಇರ್ಲಿ. ವೇಷ ತಪ್ಪುದೇ ಇಲ್ಲೆ ಅಂದ್ರೆ ಭಾಗವತ ಎಂತಕೆ?”

ಅವರ ಪೂರ್ಣ ದನಿಯಲ್ಲಿ ನಾನು ಎದುರಿಗೇ ಕೂತು ಕೇಳಿದ ಕಡೆಯ ಮಾತು ಅದು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬಾಯಿಂದ ಬರೀ ಗಾಳಿ ಬರುತ್ತಿತ್ತು. ಹತ್ತಿರ ಕೂತರೆ ಮಾತು ತಿಳಿಯುತ್ತಿತ್ತು, ಒಂದು ಮಾರು ದೂರಕ್ಕೆ ಏನೂ ಇಲ್ಲ. ಜೋರು ಮಾಡಿದರೆ ಉಳಿದದ್ದೂ ಹೋದೀತು ಎಂದು ಡಾಕ್ಟರರು ಹೆದರಿಸಿ ಕಳಿಸಿದ್ದರು. ಎದ್ದು ಓಡಾಡುವ ಹಾಗಾದದ್ದೇ ನನ್ನನ್ನು ಕರೆದುಕೊಂಡು ಕುಂದಾಪುರದ ಅಂಗಡಿಗಳಿಗೆ ಹೊರಟರು, ಸ್ಟುಡಿಯೋದವರು ಮಾಡಿಕೊಟ್ಟ ಸಿ.ಡಿ. ಹಾಕಲು ಕೈಯಲ್ಲಿ ಹಿಡಿಯುವಂಥ ಪ್ಲೇಯರ್ ತೆಗೆಯಲು.

ಅಯ್ಯೋ, ಆ ದಿನದ ಕತೆ! ಮದುವೆಗೆ ಹೆಣ್ಣು ನೋಡಿದವರೂ ಅಷ್ಟು ಸತಾಯಿಸಿರಲಿಕ್ಕಿಲ್ಲ. ಅಂಗಡಿಯವರು ಪ್ಲೇಯರ್ ಎದುರಿಗಿಟ್ಟರೆ ಇವರು ಕಣ್ಣು ಮುಚ್ಚಿ, ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ, ಬಲ ಹೆಬ್ಬೆರಳಿನಿಂದ ಗುಂಡಿ ಹುಡುಕುವರು. ಒಂದರ ಗುಂಡಿ ತೀರಾ ನುಣುಪು, ಬೆರಳಿಗೆ ಸಿಗುವುದಿಲ್ಲ. ಒಂದು, ನಿಲ್ಲಿಸಿ ಮತ್ತೆ ಒತ್ತಿದರೆ ಗಳಿಗೆ ಯೋಚನೆ ಮಾಡಿ ಹೊರಡುತ್ತದೆ. ಒಂದನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ ಹಾಡೇ ಬದಲಾಗುತ್ತದೆ. ಕಡೆಗೆ ಒಬ್ಬ ಅಂಗಡಿಯವರು ಬೆರಳುದ್ದದ ಹೊಸ ಎಂ.ಪಿ. ತ್ರೀ ತೆಗೆದು ತೋರಿಸಿದರು.

“ಇದ್ ಕಾಣಿ ಭಾಗವತ್ರೆ. ಕಿಸೆಯೊಳಗೆ ಹಾಕ್ಕಂಬ್ಲಕ್ಕ್. ಸಾವಿರ ಪದ್ಯ ಹಿಡಿತ್ತ್.”

ಇವರು ಅವರ ಕಿವಿಯ ಹತ್ತಿರ ಬಾಗಿ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. “ಸಾವಿರ ಯಾರಿಗ್ ಬೇಕ್? ನಿಲ್ಲ್ ಅಂದ್ರೆ ನಿಲ್ಕ್, ಹೋಗ್ ಅಂದ್ರೆ ಹೋಯ್ಕ್. ನನ್ ಕಣ್ಣ್ ವೇಷದ್ ಮೇಲೆ ಇರತ್ತ್, ಮಿಷನ್ ಕಂಬುಕೆ ನಂಗೆ ಪುರ್ಸೊತ್ತಿಲ್ಲೆ.”

ಅಂತೂ ಒಂದು ಸಿಕ್ಕಿತು. ಬೂದು ಬಣ್ಣದ್ದು, ಚಂದವೇನಿಲ್ಲ. ನಡುವೆ ಒಂದು ದಪ್ಪ ಗುಂಡಿ, ಒತ್ತಿದರೆ ಟಕ್ ಎಂದು ಬೆರಳಿಗೇ ತಿಳಿಯುತ್ತಿತ್ತು. ಮೂರು ತಿಂಗಳು ನಾವು ಜಗಲಿಯಲ್ಲಿ ಅದರೊಟ್ಟಿಗೆ ಕುಣಿದೆವು. ಸಾಲು ಮುಗಿಯುವಲ್ಲಿ ನಿಲ್ಲಿಸುವರು, ನಮ್ಮ ಹೆಜ್ಜೆ ಬಂದು ಮುಟ್ಟಿದ ಕ್ಷಣಕ್ಕೆ ಬಿಡುವರು. ತಪ್ಪಿದರೆ ಬೈಯಲು ದನಿಯಿಲ್ಲ, ತಾಳ ಎತ್ತಿ ತೋರಿಸುವರು. ಬೈಗುಳವೇ ವಾಸಿಯಿತ್ತು ಅನಿಸುತ್ತಿತ್ತು.

ಬೈಂದೂರಿನ ಆಟ ಮಧ್ಯಾಹ್ನದ ಊಟ ಮುಗಿದ ಮೇಲೆ. ಮುಖಕ್ಕೆ ಬಣ್ಣ ಹಚ್ಚುತ್ತ ಚೌಕಿಯಲ್ಲಿ ಕೂತಿದ್ದಾಗ ಮಂಡಳಿಯ ಅಧ್ಯಕ್ಷೆ ಒಳಗೆ ಬಂದು ನನ್ನ ಪಕ್ಕ ಕೂತರು. ಹಾಲಾಡಿ ಕಡೆಯ ಇನ್ನೊಬ್ಬ ಭಾಗವತರನ್ನು ಕರೆಸಿದ್ದಾರಂತೆ, ಮುಂದಿನ ಸಾಲಿನಲ್ಲೇ ಕೂತಿದ್ದಾರಂತೆ.

“ಬೇಜಾರ್ ಮಾಡ್ಕಬೇಡಿ. ಮಿಷನ್ ಒಂದ್ ಸಲ ನಿಂತ್ರೆ ಅವ್ರನ್ನ ಹತ್ಸುದೇ. ಇಷ್ಟ್ ಜನ ಸೇರಿದ್ರ್, ನಾಳೆ ನಾವು ಮುಖ ತೋರ್ಸುದ್ ಬ್ಯಾಡ್ದಾ?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಮೈ ಉರಿದುಹೋಯಿತು. ಆಚೆ ಮೂಲೆಯಲ್ಲಿ ಭಾಗವತ್ರು ಕನ್ನಡಿಯೆದುರು ನಿಂತು ಕೆಂಪು ಮುಂಡಾಸು ಕಟ್ಟಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಿತ್ತು, ಕಿವಿಗೇನೂ ಆಗಿರಲಿಲ್ಲವಲ್ಲ.

“ಮಿಷನ್ ಹಾಕುಕೆ ಮುಂಡಾಸ್ ಎಂತಕೆ ಭಾಗವತ್ರೆ?” ಎಂದು ಅಧ್ಯಕ್ಷೆಯೇ ಮಾತು ಹಗುರ ಮಾಡಲು ನಕ್ಕರು.

ಅವರು ಹತ್ತಿರ ಬಂದು ಗಾಳಿಯಲ್ಲೇ ಹೇಳಿದರು. “ಮಿಷನ್ನಿಗೆ ಅಲ್ಲ ಅಮ್ಮಾ. ಕೂಕಂಬ ಜಾಗಕ್ಕೆ.”

ಆಟ ಶುರುವಾಯಿತು. ರಂಗದ ಹಿಂದಿನ ಬೆಂಚಿನಲ್ಲಿ ಭಾಗವತ್ರು, ಪಕ್ಕದಲ್ಲಿ ಮದ್ದಲೆಯವರು, ಆಚೆ ನಿಂತ ಚಂಡೆಯವರು. ಹಲಗೆ ಅದುರಿದರೆ ಸಿ.ಡಿ. ಹಾರುತ್ತದೆ ಎಂದು ಪ್ಲೇಯರನ್ನು ಮಡಿಸಿದ ಶಾಲಿನ ಮೇಲೆ ಮಡಿಲಲ್ಲಿಟ್ಟುಕೊಂಡಿದ್ದರು. ಅದರಿಂದ ಒಂದು ವೈರು ಮೈಕ್ ಸೆಟ್ಟಿಗೆ ಹೋಗಿತ್ತು. ಮೊದಲ ಪದ್ಯ ಕೇಳಿದ ಕೂಡಲೇ ಸಭೆಯಲ್ಲಿ ಗುಜುಗುಜು. ದನಿ ಅವರದ್ದೇ, ಬಾಯಿ ಮುಚ್ಚಿದೆ! ನನ್ನ ಕಾಲಿನ ಗೆಜ್ಜೆಯ ಹಿಂದೆ ಸಿ.ಡಿ.ಯೊಳಗಿನ ಗೆಜ್ಜೆಯೂ ಕೇಳುತ್ತಿತ್ತು. ನನ್ನ ಎದೆ ಬಡಿತ ಮಾತ್ರ ಯಾವ ತಾಳಕ್ಕೂ ಸಿಗುತ್ತಿರಲಿಲ್ಲ. ಒಂದೊಂದು ಸಾಲು ದಾಟಿದ ಹಾಗೆ ದೇವರೇ ಇನ್ನೊಂದು, ಇನ್ನೊಂದು ಎನ್ನುತ್ತಲೇ ಕುಣಿದೆ. ಮುಂದಿನ ಸಾಲಿನಲ್ಲಿ ಆ ಇನ್ನೊಬ್ಬರು ತಾಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಪ್ರತಿ ಸುತ್ತಿಗೂ ಕಣ್ಣಿಗೆ ಬೀಳುತ್ತಿತ್ತು.

ಯುದ್ಧಕ್ಕೆ ಹೊರಡುವ ಪದ್ಯ ಬಂತು. ಚಂಡೆ ಏರಿತು, ನಾನು ಸುತ್ತು ಹಾಕಿದೆ. ಭಾಗವತ್ರು ತಮ್ಮ ಹಳೆ ಚಾಳಿಯಲ್ಲಿ ಅರ್ಧ ಎದ್ದರು. ವೈರು ಕಿತ್ತು ಬಂತು. ದನಿ ಸಾಲಿನ ನಡುವೆ ತುಂಡಾಯಿತು.

ಚಂಡೆಯವರು ನಿಲ್ಲಿಸಲಿಲ್ಲ, ಪುಣ್ಯಾತ್ಮರು. ನಾನೂ ನಿಲ್ಲಿಸಲಿಲ್ಲ. ಆದರೆ ಎಷ್ಟು ಹೊತ್ತು? ಪಕ್ಕದ ಪರದೆಯಿಂದ ಅಧ್ಯಕ್ಷೆ ಕೈ ಮಾಡಿದರು. ಮುಂದಿನ ಸಾಲಿನವರು ಎದ್ದು ಚೀಲದಿಂದ ತಾಳ ತೆಗೆಯುತ್ತ ಮೆಟ್ಟಿಲ ಕಡೆ ಬಂದರು. ನನಗೆ ಪದ್ಯ ಬಾಯಿಪಾಠವಿತ್ತು. ನಾನೇ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಭಾಗವತ್ರು ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು. ಮದ್ದಲೆಯ ಎದುರಿದ್ದ ಮೈಕನ್ನು ತಮ್ಮ ತುಟಿಗೆ ತಾಗುವ ಹಾಗೆ ಎಳೆದುಕೊಂಡರು, ತಾಳ ತಟ್ಟಿದರು, ಸಾಲು ಹಿಡಿದರು.

ಸ್ವರವಿರಲಿಲ್ಲ. ಬರೀ ಉಸಿರು. ಚಂಡೆಯವರು ಕೋಲು ಎತ್ತಿ ಹಿಡಿದು ಬಾರಿಸುವುದನ್ನೇ ಬಿಟ್ಟರು, ಮದ್ದಲೆಯವರು ಬೆರಳ ತುದಿಗೆ ಇಳಿದರು. ಸಭೆಯಲ್ಲಿ ಅಳುವ ಮಗುವನ್ನು ಯಾರೋ ಎತ್ತಿಕೊಂಡು ಹೊರಗೆ ಹೋದರು. ಆ ಉಸಿರಿನಲ್ಲಿ ಅಕ್ಷರ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ತಾಳ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಕುತ್ತಿಗೆಯ ನರ ಉಬ್ಬಿ ನಿಂತಿತ್ತು, ಕಣ್ಣಲ್ಲಿ ನೀರು. ಸಾಕು ಭಾಗವತ್ರೆ ಎಂದು ಕೂಗಬೇಕೆನಿಸಿತು. ಕೂಗುವುದು ಹೇಗೆ? ಕುಣಿದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಆ ಇನ್ನೊಬ್ಬರು ಅಲ್ಲೇ ನಿಂತುಬಿಟ್ಟರು.

ಅಷ್ಟರಲ್ಲಿ ಮದ್ದಲೆಯವರು ಒಂದು ಕೈಯಲ್ಲಿ ಬಾರಿಸುತ್ತಲೇ ಇನ್ನೊಂದು ಕೈಯಲ್ಲಿ ವೈರು ಹುಡುಕಿ ಸಿಕ್ಕಿಸಿದರು. ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. ಒಳಗೆ ಸಿ.ಡಿ. ತಿರುಗುತ್ತ ಮುಂದೆ ಹೋಗಿಬಿಟ್ಟಿದ್ದರೆ? ಬೇರೆ ಯಾವುದೋ ಪದ್ಯ ಬಂದುಬಿಟ್ಟರೆ? ಭಾಗವತ್ರು ಅದೇ ಸಾಲನ್ನು ಇನ್ನೊಮ್ಮೆ ಮೊದಲಿಂದ ಹಿಡಿದು, ತುಂಡಾದಲ್ಲಿಗೆ ಬಂದದ್ದೇ ಹೆಬ್ಬೆರಳು ಒತ್ತಿದರು. ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ, ಅದೇ ಶಬ್ದದಿಂದ, ಅವರ ಹಳೆಯ ದನಿ ಸಭೆಯ ತುಂಬ ಎದ್ದು ಬಂತು. ದನಿ ನಿಂತ ಕ್ಷಣಕ್ಕೇ ಆ ಬೆರಳು ತಾನಾಗಿ ಗುಂಡಿ ಒತ್ತಿ ನಿಲ್ಲಿಸಿತ್ತು.

ಚಪ್ಪಾಳೆ ಬಿತ್ತು. ನಾನದನ್ನು ಕೇಳಿದ್ದೇನೂ ನೆನಪಿಲ್ಲ, ಬಣ್ಣದ ಮೇಲೆ ಕಣ್ಣೀರು ಇಳಿದು ಮುಖ ಕಚ್ಚುತ್ತಿದ್ದುದು ನೆನಪಿದೆ.

ಆಟ ಮುಗಿದ ಮೇಲೆ ಆ ಇನ್ನೊಬ್ಬ ಭಾಗವತರು ಚೌಕಿಗೆ ಬಂದರು. “ಹ್ವಾಯ್ ಭಾಗವತ್ರೆ, ಆ ಮಿಷನ್ ಎಲ್ಲ್ ತಕಂಡದ್ದ್? ಕೊಡಿ ಕಾಂಬ” ಎಂದು ಕೈ ಚಾಚಿದರು. ನಮ್ಮವರು ಪ್ಲೇಯರನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಕೊಡುವುದಿಲ್ಲ ಎಂದು ಮಕ್ಕಳ ಹಾಗೆ ತಲೆಯಾಡಿಸಿದರು. ಚೌಕಿಯೆಲ್ಲ ನಕ್ಕಿತು, ಅವರೂ ನಕ್ಕರು. ಅಧ್ಯಕ್ಷೆ ಬಂದು, ಮುಂದಿನ ವರ್ಷಕ್ಕೂ ನೀವೇ ಬರಬೇಕು ಎಂದರು. ಆಮೇಲೆ ವಾರಗಟ್ಟಲೆ ಆ ಗಾಳಿಯೂ ಹೊರಡದೆ ಹೋಯಿತು, ಡಾಕ್ಟರರ ಹತ್ತಿರ ಸರಿಯಾಗಿ ಬೈಸಿಕೊಂಡರು. ಆದರೆ ಆ ಜಾಗದಿಂದ ಅವರನ್ನು ಯಾರೂ ಏಳಿಸಲಿಲ್ಲ. ಕೆಲವು ವರ್ಷ, ಬ್ರಹ್ಮಾವರದಿಂದ ಬೈಂದೂರಿನವರೆಗೆ ಕರೆದಲ್ಲೆಲ್ಲ ಮುಂಡಾಸು ಕಟ್ಟಿ, ವೈರನ್ನು ಸೊಂಟದ ಪಟ್ಟಿಗೆ ಬಿಗಿದು ಕೂತರು.

ರೋಗ ತಿರುಗಿ ಬಂತು. ಈ ಸಲ ಬಿಡಲಿಲ್ಲ. ಹನ್ನೊಂದನೆಯ ದಿನದ ಊಟ ಮುಗಿಸಿ ಹೊರಟಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಶಾಲಿನ ಸಮೇತ ಪ್ಲೇಯರನ್ನು ಕೈಗಿಟ್ಟರು. “ನಿಂಗೆ ಕೊಡುಕೆ ಹೇಳಿರ್” ಎಂದರು, ಅಷ್ಟೇ.

ಅದರ ಮುಚ್ಚಳ ಈಗ ನಿಲ್ಲುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಪದ್ಯಗಳನ್ನು ಮೊಬೈಲಿಗೂ ಹಾಕಿಸಿಕೊಂಡಿದ್ದೇನೆ. ಆದರೆ ಅದರ ಗಾಜಿನ ಮೇಲೆ ಬೆರಳು ಜಾರುತ್ತದೆ, ಕುಣಿಯುವವರನ್ನು ಬಿಟ್ಟು ಅದನ್ನೇ ನೋಡಬೇಕು. ಭಾನುವಾರ ಅದೇ ಜಗಲಿಯಲ್ಲಿ ಈಗ ನಾನು ಕಲಿಸುತ್ತೇನೆ. ಮೊನ್ನೆ ಯುದ್ಧದ ಪದ್ಯ ಹಾಕಿದಾಗ ಒಬ್ಬಳು ಹುಡುಗಿ ಕುಣಿತ ನಿಲ್ಲಿಸಿ ಕೇಳಿದಳು.

“ಅಕ್ಕಾ, ಭಾಗವತ್ರು ಇಲ್ಲ್ ಎಂತಕೆ ಇಷ್ಟ್ ಎಳಿತ್ರ್? ತಪ್ಪ್ ಅಲ್ದಾ?”

“ಕೆಮಿ ಕೊಟ್ಟ್ ಕೇಣ್” ಎಂದು ಕಿವಿ ತೋರಿಸಿ, ಪದ್ಯವನ್ನು ಹಿಂದಕ್ಕೆ ಒಯ್ದು ಮತ್ತೆ ಹಾಕಿದೆ. ದನಿ ಎಳೆಯುತ್ತ ಹೋಯಿತು. ಅದರ ಹಿಂದೆ ಗೆಜ್ಜೆ ಒಮ್ಮೆ ತಡಬಡಿಸಿ ಸುಮ್ಮನಾಯಿತು. ದನಿ ಬಿಡಲಿಲ್ಲ. ಮತ್ತೆ ಗೆಜ್ಜೆ ಸರಿಯಾಗಿ ಬಿದ್ದ ಮೇಲೆಯೇ ಸಾಲು ಮುಗಿಯಿತು.

“ಆ ಗೆಜ್ಜೆ ನಂದ್” ಎಂದೆ. “ಅವ್ರ್ ಕಾದದ್ದ್.”