ಬಾಯೊಳಗಿನ ಜೀವಾಳಿ

ಹೊನ್ನಾವರದಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನಿಂದ ಒಳ್ಳೆಯ ಹೆಸರಿದೆ. ನಮ್ಮ ಮದುವೆಗಳಲ್ಲಿ ಯಾರೂ ಗುಟ್ಕಾ ಹಾಕಿಕೊಂಡು ನಿಂತದ್ದಿಲ್ಲ. ಕಾನ್ವೆಂಟಿನಲ್ಲಿ ಕಲಿತ ನನಗೆ ಅದನ್ನು ಸಹಿಸಲು ಬರುವುದೂ ಇಲ್ಲ.

ಕಳೆದ ತಿಂಗಳು ಕುಮಟಾದ ಸಭಾಭವನದಲ್ಲಿ ಮಗಳ ಮದುವೆ. ಶಹನಾಯಿಯವರನ್ನು ಮಾತಾಡಿಸಿದರೆ ಅವರು ಬರೀ ತಲೆಯಾಡಿಸಿದರು. ಒಂದು ಕೆನ್ನೆ ತುಸು ಉಬ್ಬಿತ್ತು.

"ಗುಟ್ಕಾ, ಅಮ್ಮ. ಇವರದ್ದೆಲ್ಲ ಇದೇ ಹಣೆಬರಹ," ಎಂದರು ಭವನದ ಮ್ಯಾನೇಜರರು.

"ಬಾಯಲ್ಲಿ ಎಂತ ಅದು? ಉಗುಳಿ ಬನ್ನಿ, ಇಲ್ಲವಾದರೆ ಮನೆಗೆ ಹೋಗಿ," ಎಂದೆ ನಾನು, ನೆಂಟರೆದುರೇ.

ಅವರು ಬಾಯಿಂದ ಅಂಗೈಗೆ ತೆಗೆದದ್ದು ಶಹನಾಯಿಯ ತುದಿಗೆ ಸಿಕ್ಕಿಸಿ ಊದುವ ಪುಟ್ಟ ಜೀವಾಳಿ.

"ಇದು ನೆನೆಯದೆ ಸ್ವರ ಬರೂದಿಲ್ಲ, ಅಮ್ಮ. ಇದನ್ನು ಇಡುವ ಬಾಯಿಗೆ ತಂಬಾಕು ಮುಟ್ಟಿಸಬಾರದು ಅಂತ ನಮ್ಮ ಗುರುಗಳು, ಬೆಳಕೆ ಊರಿನ ಮಾಸ್ತರರು, ಆಣೆ ಹಾಕಿಸಿಯೇ ಕಲಿಸಿದ್ದು."

ಭಟ್ಕಳದಿಂದ ಕುಮಟಾದವರೆಗೆ ಶಹನಾಯಿ ಊದುವವರು ಹೆಚ್ಚಾಗಿ ಆ ಮಾಸ್ತರರ ಶಿಷ್ಯರೇ ಎಂದು ಆಮೇಲೆ ತಿಳಿಯಿತು. ಧಾರೆಯ ಹೊತ್ತಿಗೆ ಆ ಸ್ವರ ಕೇಳಿ ನನ್ನ ಕಣ್ಣು ತುಂಬಿತು. ಶಿಸ್ತೆಂದರೆ ಕಾನ್ವೆಂಟಿನ ಸ್ವತ್ತು ಎಂದುಕೊಂಡಿದ್ದೆ. ಈಗಿಲ್ಲದ ಆ ಗುರುವಿಗೆ ನಾನು ಋಣಿ.

ಶಹನಾಯಿಯವರಲ್ಲಿ ನಾನು ನೆಂಟರೆದುರೇ ಕ್ಷಮೆ ಕೇಳಿದೆ. ಮ್ಯಾನೇಜರರು ಇನ್ನೂ ಕೇಳಿಲ್ಲ. ಅವರೂ ಕೇಳಬೇಕು.