ಗದ್ವಾಲದಿಂದ ತಂದ ಹೆಪ್ಪು

ಸಜ್ಜನರು ಬೆಳಗ್ಗೆ ಎದ್ದು ಅಂಗೈ ನೋಡಿಕೊಳ್ಳುತ್ತಾರೆ. ನಾನು ನೋಡುವುದು ಊರಿನ ಕೊಳಚೆ ತುಂಬಿದ ಗಾಜಿನ ಜಾಡಿಯನ್ನು. ಮಕ್ತಲದ ಅಂಚಿನ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ನನ್ನದು. ಅರ್ಧ ಗಂಟೆಯಲ್ಲಿ ಕಂದು ಗಸಿ ತಳಕ್ಕಿಳಿದು ಮೇಲೆ ತಿಳಿ ನಿಂತರೆ ಆ ದಿನ ಚಹಾ ರುಚಿಸುತ್ತದೆ. ನಿಲ್ಲದಿದ್ದರೆ, ಓದುಗ ಮಹಾಶಯರೇ, ನನ್ನನ್ನು ಮಾತಾಡಿಸದಿರುವುದೇ ಕ್ಷೇಮ.

ಆ ಗಸಿ ಹೊಲಸಲ್ಲ, ತುಂಬು ಸಂಸಾರ. ಕಣ್ಣಿಗೆ ಕಾಣದ ಜೀವಾಣುಗಳಲ್ಲಿ ಕೆಲವು ಗಾಳಿ ಕುಡಿದು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ಕೆಲವು ಗಾಳಿಯಿಲ್ಲದ ಪಕ್ಕದ ತೊಟ್ಟಿಯಲ್ಲಿ ಅದನ್ನು ಒಡೆದು ಸಾರಜನಕವನ್ನು ಆಕಾಶಕ್ಕೆ ಬಿಡುತ್ತವೆ, ಮತ್ತೆ ಕೆಲವು ರಂಜಕವನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಳ್ಳುತ್ತವೆ. ಸಂಬಳ ಮಾತ್ರ ನನಗೆ.

ಆಯುಧಪೂಜೆಗೆ ನಾನು ನಾರಾಯಣಪೇಟೆಯ ಮನೆಗೆ ಹೋಗಿದ್ದೆ. ಘಟಕದ ಕೆಲಸಗಾರ ಮೈಲಾರಪ್ಪ, ಕುರುಬರ ಮನೆಯವನು, ದುಡಿಯುವ ಸಾಮಾನನ್ನು ತೊಳೆಯದೆ ಪೂಜಿಸುವುದುಂಟೇ ಎಂದು ತೊಟ್ಟಿಯ ಗೋಡೆಗಳನ್ನು ಬ್ಲೀಚಿಂಗ್ ಪೌಡರಿನಿಂದ ತಿಕ್ಕಿ, ಚೀಲದಲ್ಲಿ ಉಳಿದದ್ದನ್ನು ನೀರಿಗೇ ಸುರಿದು, ಮೇಲೆ ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿದ್ದ. ಮರುದಿನ ನಾನು ಮರಳಿ ನೋಡಿದರೆ ಜಾಡಿಯಲ್ಲಿ ಗಸಿ ಇಳಿಯಲೇ ಇಲ್ಲ. ಅಮೋನಿಯಾ ಅಳೆಯುವ ನಳಿಕೆ ಆ ಭಂಡಾರಕ್ಕಿಂತ ಹಳದಿಯಾಯಿತು, ಅಂದರೆ ಅಮೋನಿಯಾ ನೀರಿನಲ್ಲಿ ಹಾಗೇ ಉಳಿದಿತ್ತು. ಈ ನೀರು ಸೇರುವ ಕೆರೆಯಲ್ಲಿ ಕುಡಿಯುವುದು ಮೈಲಾರಪ್ಪನ ಕುರಿಗಳೇ.

ಬ್ಲೀಚಿಂಗಿಗೆ ಜೀವಾಣುಗಳು ಸತ್ತವೆಂದಾಗ, "ನನ್ನ ಕೈಯಾರ ಕೊಂದ್ನೇನ್ರಿ ಸಾರ್?" ಎಂದ ಮೈಲಾರಪ್ಪ.

ಬಯ್ಯುವುದಾದರೂ ಯಾರನ್ನು? ತೊಳೆಯಬಾರದೆಂದು ಅವನಿಗೆ ಒಮ್ಮೆಯೂ ಹೇಳದ ಮಹಾಪಂಡಿತ ನಾನೇ ತಾನೆ.

"ಮೊಸರು ಕೆಟ್ರ ಮಂದಿ ಮನಿಂದ ಹೆಪ್ಪು ತರ್ತೀವಲ್ರಿ. ಇದಕ್ಕೂ ಹೆಪ್ಪು ಎಲ್ಲೆರ ಸಿಗತೈತೇನ್ರಿ?" ಎಂದು ಅವನೇ ಕೇಳಿದ.

ಸಿಗುತ್ತಿತ್ತು, ಗದ್ವಾಲದ ಘಟಕದಲ್ಲಿ. ಕೆರೆಗೆ ನೀರು ಬಿಡುವ ಬಾಗಿಲು ಮುಚ್ಚಿ, ನೀರನ್ನು ಘಟಕದ ಖಾಲಿ ಹೊಂಡಕ್ಕೆ ತಿರುಗಿಸಿ, ಟೆಂಪೊ ಹತ್ತಿದೆವು. ಹಿಂದಿರುಗುವಾಗ ಮೈಲಾರಪ್ಪ ಗಸಿಯ ಡ್ರಮ್ಮುಗಳ ನಡುವೆ ಕೂತು, ಬಿಸಿಲಿಗೆ ಕಂಬಳಿ ಮರೆಮಾಡಿ, "ಉಸಿರು ಕಟ್ಟೀತ್ರಿ" ಎಂದು ಮುಚ್ಚಳಗಳನ್ನು ತೆರೆದೇ ಇಟ್ಟ. ಚಾಲಕನ ಉಸಿರಿನ ಬಗ್ಗೆ ಯಾರೂ ವಿಚಾರಿಸಲಿಲ್ಲ.

ತಂದ ಗಸಿಯನ್ನು ತೊಟ್ಟಿಗೆ ಸುರಿದೆವು. ಆಮೇಲಿನದು ಬರೀ ಕಾಯುವುದು. ಹೊಂಡ ದಿನಕ್ಕಿಷ್ಟು ಏರುತ್ತಿತ್ತು. ಅದು ಉಕ್ಕಿದರೆ ಕೆರೆಯೇ ಗತಿ. ಮೈಲಾರಪ್ಪ ಕುರಿಗಳನ್ನು ದೂರದ ಹಳ್ಳಕ್ಕೆ ಹೊಡೆಯುತ್ತಿದ್ದ.

ಹೊಂಡದ ದಡಕ್ಕೆ ಒಂದೇ ಗೇಣು ಉಳಿದ ಬೆಳಗ್ಗೆ ಜಾಡಿಯಲ್ಲಿ ತಿಳಿ ನಿಂತಿತು, ನಳಿಕೆಯ ಹಳದಿಯೂ ಬಿಟ್ಟಿತು. ಕೆರೆಯ ಬಾಗಿಲು ತೆರೆದೆ.

"ನೀವು ಬಿಡು ಅಂದ್ರ ಕುರಿ ಬಿಡ್ತೀನ್ರಿ" ಎಂದ ಮೈಲಾರಪ್ಪ.

"ಬಿಡು" ಎಂದೆ. ಕುರಿಗಳು ನೀರಿಗೆ ಬಾಯಿ ಹಚ್ಚಿದವು.

ಸಂಜೆ ಎಣಿಸಿದೆವು. ಎಲ್ಲವೂ ಇದ್ದವು.

ಈಗ ಬೆಳಗ್ಗೆ ಜಾಡಿಯ ಮುಂದೆ ಕೂರುವವರು ಇಬ್ಬರು. ಮೈಲಾರಪ್ಪ ಮೊದಲು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾನೆ, ಬಹಳ ಹೊತ್ತು, ಆಮೇಲೆ ಜಾಡಿಯನ್ನು.