ಭಾಲ್ಕಿಯ ಹೋಟೆಲಿನಲ್ಲಿ ಎದುರು ಕೂತವರು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಳಿ ದೆವ್ವದ ಕಥೆಗಳಿಗೆ ಬರವಿಲ್ಲ. ಬೀಗ ಹಾಕಿದ ವಾರ್ಡಿನಲ್ಲಿ ಗಂಟೆ ಬಾರಿಸಿತು, ಖಾಲಿ ಮಂಚದಿಂದ ಯಾರೋ ನರಳಿದರು, ಇಂಥವನ್ನು ನರ್ಸಾಗಿ ಹದಿನಾಲ್ಕು ವರ್ಷ ಕೇಳಿದ್ದೇನೆ. ಒಂದನ್ನೂ ನಂಬಿರಲಿಲ್ಲ. ಹೇಳುವವರಿಗೆ ಎರಡೇ ಪ್ರಶ್ನೆ ಹಾಕುತ್ತಿದ್ದೆ: ಆಗ ಎಷ್ಟು ಗಂಟೆ? ನಿನ್ನ ಜೊತೆ ಇನ್ನಾರಿದ್ದರು? ಅಷ್ಟಕ್ಕೇ ಕಥೆ ಬಿದ್ದುಹೋಗುತ್ತಿತ್ತು. ಈಗ ನನ್ನದನ್ನೇ ಬರೆಯುವಾಗ ಮೊದಲು ಆ ಎರಡಕ್ಕೆ ಉತ್ತರ ಕೊಡಬೇಕು. ಹಾಡಹಗಲು, ಮಧ್ಯಾಹ್ನ ಮೂರು ದಾಟಿತ್ತು. ನನ್ನ ಜೊತೆ ಯಾರೂ ಇರಲಿಲ್ಲ.

ಅದು ಬರ ಬಿದ್ದ ಎರಡನೆಯ ವರ್ಷ. ನನಗೆ ಮೂವತ್ತಾರು. ಬೀದರಿನ ಮೈಲೂರಿನಲ್ಲಿ ಬಾಡಿಗೆ ಮನೆ. ಅವ್ವ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಡ್ಯೂಟಿ ಮುಗಿಸಿ ಬಂದರೆ ಮರುದಿನ ಆಸ್ಪತ್ರೆಗೆ ಹೋಗುವತನಕ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಜೊತೆಯ ನರ್ಸ್ ಶಾಂತಕ್ಕ ಅದನ್ನು ನೋಡಲಾರದೆ, ಗಂಡು ಹೆಣ್ಣಿನ ಪರಿಚಯ ಮಾಡಿಸುವ ಆ್ಯಪ್ ಒಂದನ್ನು ನನ್ನ ಫೋನಿಗೆ ತಾನೇ ಹಾಕಿಕೊಟ್ಟಳು. ಬಂದ ಸಂದೇಶಗಳೆಲ್ಲ 'ಹಾಯ್ ಡಿಯರ್', ಇಲ್ಲವೇ ಗುಲಾಬಿ ಹೂವು. ಒಂದು ಮಾತ್ರ ಬೇರೆ ಇತ್ತು: "ನಿಮ್ಮ ಕಡಿ ನೀರ್ ಬಂತೇನ್ರಿ?"

ನಮ್ಮ ಗಲ್ಲಿಗೆ ನಲ್ಲಿ ನೀರು ಬಂದು ಒಂಬತ್ತು ದಿನವಾಗಿತ್ತು. ನಗು ಬಂತು. "ಇಲ್ರಿ, ನಿಮ್ಮ ಕಡಿ?" ಎಂದು ಬರೆದೆ. ಹಾಗೆ ಶುರುವಾಯಿತು.

ಬರೆದವರು ಔರಾದ ತಾಲ್ಲೂಕಿನ ಒಂದು ಹೈಸ್ಕೂಲಿನ ಮಾಸ್ತರರು. ನಲವತ್ತು ದಾಟಿದವರು, ಒಂಟಿ. ಅವರ ಹೆಸರು ಇಲ್ಲಿ ಬೇಡ. ಆ ವರ್ಷ ಅವರ ತರಗತಿಯ ಮಕ್ಕಳು ತಂದೆತಾಯಿಯ ಬೆನ್ನು ಹತ್ತಿ ಹೈದರಾಬಾದ, ಪುಣೆ ಸೇರುತ್ತಿದ್ದರು. "ಇವತ್ತ ಇನ್ನಿಬ್ರು ಹೋದ್ರು. ಹಾಜರಿ ಕರೀಲಿಕ್ಕಿ ಈಗ ಎರಡ್ ಮಿನಿಟ್ ಸಾಕಾಗ್ತದ್ರಿ" ಎಂದು ಬರೆಯುತ್ತಿದ್ದರು. ನಾನು ವಾರ್ಡಿನ ಸುದ್ದಿ ಬರೆಯುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಮ್ಮೆ ಭೇಟಿಯಾಗೋಣ ಎಂದರು.

ಎಲ್ಲಿ? ಬೀದರಿನಲ್ಲಿ ಕೂತರೆ ಭಾನುವಾರದೊಳಗೆ ನಾನು ಹೋಗುವ ಇಡೀ ಚರ್ಚಿಗೆ ಸುದ್ದಿ. ಔರಾದಿನಲ್ಲಿ ಅವರಿಗೆ ನಮಸ್ಕಾರ ಹೇಳದವರಿಲ್ಲ. ಕೊನೆಗೆ ಇಬ್ಬರಿಗೂ ಪರಸ್ಥಳವಾದ ಭಾಲ್ಕಿ ಎಂದಾಯಿತು. ಬಸ್ ನಿಲ್ದಾಣದ ಎದುರಿನ ಒಂದು ಚಹಾದ ಹೋಟೆಲು. ಊಟ ಬೇಡ, ಚಹಾ ಸಾಕು ಎಂದವಳು ಶಾಂತಕ್ಕ. "ಮನಷ್ಯಾ ಹಿಡಸ್ಲಿಲ್ಲಂದ್ರ ಚಾ ಎರಡ್ ಗುಟಕಿನ್ಯಾಗ ಮುಗೀತದವಾ. ಊಟಂದ್ರ ಮಜ್ಜಿಗಿ ಅನ್ನದ ತನಕಾ ಹಲ್ಲ್ ಕಿಸಿಬೇಕಾಗ್ತದ!"

ನಾನು ಆ್ಯಪಿನಲ್ಲಿ ಫೋಟೋ ಹಾಕಿರಲಿಲ್ಲ. ಅವರದು ಶಾಲೆಯ ಧ್ವಜಕಂಬದ ಕೆಳಗೆ ದೂರದಿಂದ ತೆಗೆದದ್ದು, ಮುಖ ಉಗುರಿನಷ್ಟು. ಗುರುತಿಗೆ ಅವರ ಮೊದಲ ಮಾತನ್ನೇ ಇಟ್ಟುಕೊಂಡೆವು. ಅವರು ಮೂಲೆಯ ಮೇಜಿನಲ್ಲಿ ಕೂತಿರಬೇಕು, ನಾನು ಹೋಗಿ ನೀರು ಬಂತೇ ಎಂದು ಕೇಳಬೇಕು. ಆ ಬೇಸಿಗೆಯಲ್ಲಿ ಇಡೀ ಜಿಲ್ಲೆಯೇ ಎದುರು ಸಿಕ್ಕವರನ್ನೆಲ್ಲ ಕೇಳುತ್ತಿದ್ದ ಮಾತು ಅದು. ಇಬ್ಬರಿಗೂ ಹೊಳೆಯಲಿಲ್ಲ ನೋಡಿ.

ಬಸ್ ನಿಲ್ದಾಣದ ತುಂಬ ಹಾಸಿಗೆ, ಪಾತ್ರೆ, ಒಲೆ ಕಟ್ಟಿಕೊಂಡು ಊರು ಬಿಡುವವರು ಕೂತಿದ್ದರು. ಹೋಟೆಲಿನ ಮೂಲೆಯಲ್ಲಿ ಬಿಳಿ ಅಂಗಿಯ, ನಲವತ್ತರ ಆಸುಪಾಸಿನ ಒಬ್ಬರು. ಹತ್ತಿರ ಹೋಗಿ ಕೇಳಿದೆ.

"ನೀರ್ ಎಲ್ಲಿ ಬರ್ತದ್ರಿ? ನೀರಿದ್ದಲ್ಲಿಗಿ ನಾವೇ ಹೋಗ್ಬೇಕು" ಎಂದರು. "ಕೂಡ್ರಿ, ಬಿಸಲಾಗ ಬಂದೀರಿ."

ಕೂತೆ. ಅವರು ಎರಡು ಚಹಾ ಹೇಳಿದರು. ತೊಳೆಯಲು ನೀರಿಲ್ಲದ್ದರಿಂದ ಎಲ್ಲರಿಗೂ ಕಾಗದದ ಕಪ್ಪು. ಮಾತು ನಿಂತರೆ ಇರಲಿ ಎಂದು ಏಳೆಂಟು ಪ್ರಶ್ನೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ. ಆ ವರ್ಷದ ಬೇವಿನ ಹೂವಿನ ಬಗ್ಗೆ, ನನ್ನ ಹುಟ್ಟೂರು ಮನ್ನಳ್ಳಿಯ ನಮ್ಮ ಬಾವಿಯ ಬಗ್ಗೆ, ಅದರಲ್ಲಿ ನಾನು ಈಜು ಕಲಿತದ್ದರ ಬಗ್ಗೆ ಮಾತಾಡಿದೆವು. ಹೆಸರು ನನಗೆ ಗೊತ್ತೇ ಇದೆ ಎಂದುಕೊಂಡು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.

ನನ್ನ ಚಹಾ ಮುಗಿದಿತ್ತು. ಅವರು ತಮ್ಮದನ್ನು ಮುಟ್ಟಿರಲಿಲ್ಲ. ಅದನ್ನು ನನ್ನ ಕಡೆ ಸರಿಸಿದರು.

"ಇದೂ ನೀವೇ ಕುಡೀರಿ. ಅವ್ವನ ಚಾ ದಿನಾ ಮೋರ್ಯಾಗ ಚೆಲ್ಲತೀರಲ್ರಿ. ಇನ್ನ ಚೆಲ್ಲಬ್ಯಾಡ್ರಿ."

ಇಲ್ಲಿ ಒಂದು ವಿಷಯ ಹೇಳಬೇಕು. ಅವ್ವ ಹೋದ ಮೇಲೂ ನಾನು ಬೆಳಗ್ಗೆ ಎರಡು ಕಪ್ ಚಹಾ ಮಾಡುತ್ತಿದ್ದೆ. ಒಂದನ್ನು ಅವಳು ಕೂಡುತ್ತಿದ್ದಲ್ಲಿ ಇಟ್ಟು, ಆರಿದ ಮೇಲೆ ಮೋರಿಗೆ ಚೆಲ್ಲುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಶಾಂತಕ್ಕನಿಗೂ. ಒಂದು ಸಲ ಮಾಸ್ತರರಿಗೆ ಬರೆದೆ. ಓದಿಕೊಂಡಾಗ, ಜನ ಕೊಡ ನೀರಿಗಾಗಿ ಜಗಳಾಡುವ ವರ್ಷದಲ್ಲಿ ಚಹಾ ಚೆಲ್ಲುವವಳು ಎಂದು ನಾಚಿಕೆಯಾಯಿತು. ಕಳಿಸದೆ ಅಳಿಸಿಬಿಟ್ಟೆ.

ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ. ತಪ್ಪಿ ಕಳಿಸಿಯೇ ಬಿಟ್ಟಿರಬೇಕು, ಇವರು ಓದಿ ಇಷ್ಟು ದಿನ ಕೇಳದೆ ಇಟ್ಟುಕೊಂಡಿರಬೇಕು ಎಂದುಕೊಂಡೆ. ಕಣ್ಣು ತುಂಬಿತು. ಆ ಚಹಾ ಕುಡಿದೆ.

ಹೈದರಾಬಾದಿನ ಬಸ್ಸು ಬಂತು. "ಬರ್ತೇನ್ರಿ" ಎಂದು ಅವರು ಎದ್ದರು. ಮೇಜಿನ ಕೆಳಗಿಂದ ಹಾಸಿಗೆಯ ಸುರುಳಿ ಎಳೆದುಕೊಂಡು ಗುಂಪಿನ ಜೊತೆ ಹತ್ತಿದರು. ಔರಾದಿಗೆ ಹೋಗುವವರು ಇದನ್ನೇಕೆ ಹತ್ತಿದರು ಎಂದು ತಿಳಿಯದೆ ಚೀಲದಿಂದ ಫೋನ್ ತೆಗೆದೆ. ಮಾಸ್ತರರ ನಾಲ್ಕು ಸಂದೇಶಗಳಿದ್ದವು. ಕೊನೆಯದು: "ಬಸ್ ತಪ್ಪಿತ್ರಿ. ಜೀಪಿನ್ಯಾಗ ಬರ್ಲಕತ್ತೇನಿ. ಹೋಗಬ್ಯಾಡ್ರಿ." ತಲೆ ಎತ್ತುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಹೋಟೆಲಿನವರನ್ನು ಕೇಳಿದೆ. "ಅವ್ರು ನಿಮ್ಮವ್ರಲ್ಲೇನ್ರಿ? ಮುಂಜಾನಿಂದ ಬಸ್ ಕಾಯ್ತಾ ಕೂತಿದ್ರಲ್ರಿ" ಎಂದರು. ಅಂದರೆ ನನ್ನ ಕಣ್ಣಿಗೆ ಮಾತ್ರ ಕಂಡವರಲ್ಲ.

ಹತ್ತು ನಿಮಿಷಕ್ಕೆ ಮಾಸ್ತರರು ಬಂದರು, ಮೈಯೆಲ್ಲ ಧೂಳು. ಆದದ್ದನ್ನು ಹೇಳಿದೆ. ಮೇಜು ಬಡಿದು ನಕ್ಕರು. "ಈ ವರ್ಷ ಆ ಮಾತ್ ಕತ್ತೆಗಿ ಕೇಳಿದ್ರೂ ಜವಾಬ್ ಕೊಡ್ತದ್ರಿ!" ನಾನೂ ನಕ್ಕೆ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಆದರೆ ಅರ್ಧ ಹೇಳಿ ನನಗೆ ರೂಢಿಯಿಲ್ಲ. ಚಹಾದ ಮಾತನ್ನೂ ಹೇಳಿದೆ.

ಅವರ ನಗು ನಿಂತಿತು. "ಅದು ನನಗ ಹೇಳಿಲ್ಲಲ್ರಿ ನೀವು."

ಬರೆದು ಅಳಿಸಿದ್ದೆ, ತಪ್ಪಿ ಬಂದಿರಬೇಕು ಎಂದೆ. ಇಬ್ಬರ ಫೋನನ್ನೂ ಮೇಲಿಂದ ಕೆಳಗಿನವರೆಗೆ ನೋಡಿದೆವು. ಎಲ್ಲೂ ಇರಲಿಲ್ಲ. ಬೀದರಿನ ಬಸ್ಸಿನಲ್ಲಿ ಕೂತು, ಆ ಒಂದು ಗಂಟೆಯಲ್ಲಿ ನಾನು ಆಡಿದ ಮಾತುಗಳನ್ನೆಲ್ಲ ನೆನಪಿದ್ದಂತೆ ಒಂದೊಂದಾಗಿ ಬರೆದೆ. ಅವ್ವನ ಹೆಸರನ್ನೇ ಎತ್ತಿರಲಿಲ್ಲ. ಹೆಣ್ಣುಮಗಳ ಮುಖ ನೋಡಿ ತಾಯಿ ಇಲ್ಲದವಳೆಂದು ಯಾರಾದರೂ ಊಹಿಸಬಹುದು. ಮೋರಿಗೆ ಚೆಲ್ಲಿದ ಚಹಾವನ್ನು ಹೇಗೆ ಊಹಿಸುವುದು?

ಮಾಸ್ತರರು ಕೆಟ್ಟವರಲ್ಲ. ಒಂದು ತಿಂಗಳು ಬರೆಯುತ್ತಿದ್ದರು, ದಿನದಿಂದ ದಿನಕ್ಕೆ ಚಿಕ್ಕದಾಗಿ. ಕೊನೆಗೆ ಹೀಗೆ ಬರೆದರು: "ನನಗ ಬರ್ದು ಅಳಿಸಿದ್ದು ಅವ್ರಿಗಿ ಬಾಯಿಬಿಟ್ಟು ಹೇಳೀರಿ. ತಪ್ಪಂತ ಅನ್ನಂಗಿಲ್ಲ. ಹೇಳೇನಿ ಅಂತ ಒಂದ್ ಮಾತ್ ಅನ್ರಿ, ಇಲ್ಲಿಗಿ ಮುಗೀತದ. ಮುಂದಿಂದು ಮಾತಾಡೋಣು."

ಮುಂದಿನದು ಎಂದರೆ ಏನೆಂದು ನನಗೆ ತಿಳಿಯದೇ ಇರಲಿಲ್ಲ. ಎರಡು ದಿನ ಯೋಚಿಸಿದೆ. 'ಹೇಳೇನಿ', ಹೌದು ಅವರಿಗೆ ಹೇಳಿದ್ದೇನೆ, ಎಂದರೆ ಯಾರಿಗೂ ನಷ್ಟವಿರಲಿಲ್ಲ, ನನಗೆ ಒಂದು ಮನೆ ಸಿಗುತ್ತಿತ್ತು. ಆದರೆ ಅದು ನಡೆದಿರಲಿಲ್ಲ. ನಡೆಯದ್ದನ್ನು ನಡೆಯಿತೆಂದು ಒಪ್ಪಿಕೊಂಡರೆ, ಆ ಮಧ್ಯಾಹ್ನ ನನ್ನೆದುರು ಕೂತು ನನಗೊಬ್ಬಳಿಗೇ ಗೊತ್ತಿದ್ದುದನ್ನು ಹೇಳಿದ ಆ ಮನುಷ್ಯನನ್ನು ನಾನೇ ಇಲ್ಲವಾಗಿಸಿದಂತೆ. "ಹೇಳಿಲ್ರಿ" ಎಂದಷ್ಟೇ ಬರೆದು ಕಳಿಸಿದೆ.

ಅದಕ್ಕೆ ಉತ್ತರ ಬರಲಿಲ್ಲ. ಇವತ್ತು ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ನಾನು ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು.